ಆನೆ, ರಿಬ್ಬನ್ ಮತ್ತು ಒಂದು ಮರುಭೂಮಿ

ಹಳೇ ಪದಕಗಳ ಹರಾಜು ಕ್ಯಾಟಲಾಗುಗಳನ್ನು ನಾನು ಕೊಳ್ಳೋದಕ್ಕೆ ಅಂತ ಓದುವುದಿಲ್ಲ. ಅದೂ ಒಂದು ಬರವಣಿಗೆಯ ಪ್ರಕಾರ ಅಂತ ಓದುತ್ತೇನೆ. ಕಾದಂಬರಿಗೆ ವಿಮರ್ಶೆ ಇದೆ, ಸಿನಿಮಾಕ್ಕೆ ಇದೆ, ಮೊನ್ನೆ ತೆರೆದ ದರ್ಶಿನಿಯ ಖಾಲಿ ದೋಸೆಗೂ ಇದೆ. ಕ್ಯಾಟಲಾಗಿಗೆ ಮಾತ್ರ ಯಾರೂ ಬರೆಯಲ್ಲ. ಆದರೆ ಒಂದು ಪದಕದ ಜತೆ ಕೈಯಿಂದ ಕೈಗೆ ಸಾಗುವ ಚರಿತ್ರೆ ಅಂದರೆ ಹೆಚ್ಚಿನ ಸಲ ಆ ಎರಡು ಸಾಲು ಅಷ್ಟೇ. ಕೊಂಡವರು ಅದನ್ನೇ ಒಂದು ಚೀಟಿಯಲ್ಲಿ ಬರೆದು ಡಬ್ಬಿಯೊಳಗೆ ಇಡ್ತಾರೆ. ಹತ್ತು ವರ್ಷದ ಮೇಲೆ ಮಾರುವಾಗ ಅದನ್ನೇ ನಕಲು ಮಾಡ್ತಾರೆ. ಹಾಗಾಗಿ ಆ ಎರಡು ಸಾಲಿನ ಜತೆ ಒಂದಷ್ಟು ಜಗಳ ಆಡೋದು ಅಗತ್ಯ ಅಂತ ನನಗನ್ನಿಸುತ್ತೆ.

ನಾನು ಜಗಳಕ್ಕೆ ಆರಿಸಿಕೊಂಡಿರೋದು ಜರ್ಮನಿಯ ವಸಾಹತು ಪದಕಗಳ ಪುಟವನ್ನು. ಅಲ್ಲಿ ಸ್ವಲ್ಪ ಹೆಚ್ಚುಕಡಿಮೆ ಇದೇ ರೂಪದ ವಿವರಣೆ ಮತ್ತೆ ಮತ್ತೆ ಬರುತ್ತೆ: ಜರ್ಮನ್ ವಸಾಹತು ಸ್ಮರಣ ಪದಕ, ಅನಧಿಕೃತ, ಮೂಲ ರಿಬ್ಬನ್ ಸಮೇತ, ಸುಮಾರು 1905, ಅಪರೂಪ. ಇದರಲ್ಲಿ "ಅಪರೂಪ"ವನ್ನು ಬಿಟ್ಟುಬಿಡೋಣ, ಮಾರುವವನು ಇನ್ನೇನು ಹೇಳಿಯಾನು. ಉಳಿದ ಮೂರು ಪದಗಳು, ಅಂದರೆ ಅನಧಿಕೃತ, ಮೂಲ ರಿಬ್ಬನ್, ಸುಮಾರು 1905, ಇವು ಗಂಭೀರವಾದ ಹೇಳಿಕೆಗಳು. ಮೂರನ್ನೂ ಪರೀಕ್ಷೆ ಮಾಡಬಹುದು. ಹಾಗೆ ಮಾಡಿದಾಗ ಮೊದಲು ಬಿದ್ದುಹೋಗೋದು ಹೆಚ್ಚಾಗಿ 1905.

ಮೊದಲು ಅಧಿಕೃತ ಪದಕಗಳನ್ನು ನೋಡಿಬಿಡೋಣ, ಯಾಕಂದ್ರೆ ಅವು ಬೆರಳೆಣಿಕೆಯಷ್ಟೇ ಇವೆ. ಜರ್ಮನಿ ವಸಾಹತು ಕಟ್ಟೋದಕ್ಕೆ ಹೊರಟಿದ್ದು ತಡವಾಗಿ, 1884ರಲ್ಲಿ. ಇಂದಿನ ನಮೀಬಿಯಾ, ಕ್ಯಾಮರೂನ್, ಟೋಗೋ, ಟಾಂಜಾನಿಯಾ, ರುವಾಂಡಾ, ಬುರುಂಡಿ, ಆಮೇಲೆ ನ್ಯೂಗಿನಿಯ ಒಂದು ಭಾಗ, ಸಮೋವಾ, ಚೀನಾದ ಕರಾವಳಿಯಲ್ಲಿ ಕಿಯಾವ್‌ಚೌ ಅನ್ನೋ ಒಂದು ತುಂಡು. (ಪಬ್ಬಿನಲ್ಲಿ ಸಿಗುವ ಚಿಂಗ್‌ಟಾವ್ ಬಿಯರ್ ಹುಟ್ಟಿದ್ದು ಆ ತುಂಡಿನಲ್ಲಿ, 1903ರಲ್ಲಿ.) ಎಲ್ಲ ಸೇರಿ ಮೂವತ್ತೈದು ವರ್ಷ ಕೂಡ ತುಂಬಲಿಲ್ಲ. ಮೊದಲ ಮಹಾಯುದ್ಧದಲ್ಲಿ ಒಂದೊಂದಾಗಿ ಕೈಬಿಟ್ಟವು, 1919ರ ವರ್ಸೇಲ್ಸ್ ಒಪ್ಪಂದದಲ್ಲಿ ಕಾಗದದ ಮೇಲೂ ಹೋದವು.

ಈ ಅವಧಿಯಲ್ಲಿ ಚಕ್ರವರ್ತಿ ಎರಡನೇ ವಿಲ್ಹೆಲ್ಮ್ ಹೆಸರಲ್ಲಿ ಬಂದ ಮುಖ್ಯ ಸ್ಮರಣ ಪದಕಗಳು ಮೂರು. ಬಾಕ್ಸರ್ ದಂಗೆಯ ಕಾಲದಲ್ಲಿ ಚೀನಾಕ್ಕೆ ಹೋದವರಿಗೆ 1901ರಲ್ಲಿ ಒಂದು. ಇದರ ಮುಖದಲ್ಲಿ ಜರ್ಮನ್ ಹದ್ದು ಚೀನೀ ಡ್ರ್ಯಾಗನ್ನನ್ನು ಉಗುರಲ್ಲಿ ಹಿಡಿದಿದೆ. ಸೂಕ್ಷ್ಮ ಅನ್ನೋದು ಯಾರಿಗೂ ಬೇಕಿರಲಿಲ್ಲ. ನೈರುತ್ಯ ಆಫ್ರಿಕಾದಲ್ಲಿ, ಅಂದರೆ ಈಗಿನ ನಮೀಬಿಯಾದಲ್ಲಿ, ಹೆರೆರೊ ಮತ್ತು ನಾಮಾ ಜನರ ವಿರುದ್ಧ ಹೋರಾಡಿದವರಿಗೆ 1907ರಲ್ಲಿ ಇನ್ನೊಂದು. ಉಳಿದ ವಸಾಹತು ಕಾರ್ಯಾಚರಣೆಗಳಿಗೆಲ್ಲ ಸೇರಿಸಿ 1912ರಲ್ಲಿ ಮೂರನೆಯದು. ಮೊದಲೆರಡು ಎರಡೆರಡು ಲೋಹದಲ್ಲಿ ಬಂದವು: ಯುದ್ಧ ಮಾಡಿದವರಿಗೆ ಕಂಚು, ಜತೆಗಿದ್ದು ಯುದ್ಧ ಮಾಡದವರಿಗೆ ಉಕ್ಕು. ಇದನ್ನು ಗುರುತಿಸೋಕೆ ಯಾವ ಪಾಂಡಿತ್ಯವೂ ಬೇಡ, ಫ್ರಿಜ್ ಮೇಲಿನ ಮ್ಯಾಗ್ನೆಟ್ ಸಾಕು.

1907ರ ಪದಕದ ರಿಬ್ಬನ್ ಮೇಲೆ ಸಣ್ಣ ಸಣ್ಣ ಅಡ್ಡಪಟ್ಟಿಗಳನ್ನು ಹಾಕಿಕೊಳ್ಳಬಹುದಿತ್ತು. ಲೋಹದ ಪಟ್ಟಿ, ಮೇಲೆ ಕಾಳಗ ನಡೆದ ಜಾಗದ ಹೆಸರು. ವಾಟರ್‌ಬರ್ಗ್ ಅಂತ ಒಂದು. ಹೆರೆರೊಲ್ಯಾಂಡ್ ಅಂತ ಒಂದು. ಒಮಾಹೆಕೆ ಅಂತ ಒಂದು. ಸಂಗ್ರಾಹಕರ ಲೋಕದಲ್ಲಿ ಪಟ್ಟಿ ಹೆಚ್ಚಿದ್ದಷ್ಟೂ ಬೆಲೆ ಹೆಚ್ಚು. ಕ್ಯಾಟಲಾಗು ಪಟ್ಟಿಗಳನ್ನು ಎಣಿಸಿ, ಹೆಸರು ಬರೆದು, ಮುಂದಕ್ಕೆ ಹೋಗುತ್ತೆ.

ಒಮಾಹೆಕೆ ಅನ್ನೋದು ಒಂದು ಮರುಭೂಮಿ. 1904ರ ಆಗಸ್ಟ್ 11ರಂದು ವಾಟರ್‌ಬರ್ಗ್ ಬೆಟ್ಟದ ಬಳಿ ಕಾಳಗ ಆಯಿತು. ಸೋತ ಹೆರೆರೊಗಳು ಹೆಂಗಸರು, ಮಕ್ಕಳು, ದನಕರುಗಳ ಸಮೇತ ಆ ನೀರಿಲ್ಲದ ಬಯಲಿನ ಕಡೆ ಓಡಿದರು. ಜರ್ಮನ್ ಪಡೆ ಹಿಂದಿನಿಂದ ಅಟ್ಟಿತು, ನೀರಿನ ಸೆಲೆಗಳಿಂದ ದೂರ ಇಟ್ಟಿತು. ಅಕ್ಟೋಬರ್ 2ರಂದು ಜನರಲ್ ಲೋಥಾರ್ ಫಾನ್ ಟ್ರೋಥಾ ಒಂದು ಆದೇಶ ಹೊರಡಿಸಿದ: ಜರ್ಮನ್ ಗಡಿಯೊಳಗೆ ಕಂಡ ಹೆರೆರೊನನ್ನು, ಬಂದೂಕು ಇರಲಿ ಬಿಡಲಿ, ದನ ಇರಲಿ ಬಿಡಲಿ, ಗುಂಡಿಕ್ಕಬೇಕು ಅಂತ. ಬರ್ಲಿನ್ ಅದನ್ನು ಡಿಸೆಂಬರಿನಲ್ಲಿ ಹಿಂತೆಗೆಸಿತು. ಬದುಕುಳಿದವರನ್ನು ಶಿಬಿರಗಳಿಗೆ ತುಂಬಿದರು. ಸುಮಾರು 80,000 ಹೆರೆರೊಗಳಲ್ಲಿ ಉಳಿದವರು 15,000ದಷ್ಟು ಅನ್ನೋದು ಹೆಚ್ಚಾಗಿ ಉಲ್ಲೇಖ ಆಗುವ ಅಂದಾಜು. ನಾಮಾ ಜನರಲ್ಲಿ ಅರ್ಧದಷ್ಟು ಜನ ಸತ್ತರು. 2021ರ ಮೇ ತಿಂಗಳಲ್ಲಿ ಜರ್ಮನ್ ಸರ್ಕಾರ ಇದನ್ನು ನರಮೇಧ ಅಂತಲೇ ಕರೆಯಿತು. ಅಲ್ಲಿಗೆ, ರಿಬ್ಬನ್ ಮೇಲಿನ ಆ ಪುಟ್ಟ ಪಟ್ಟಿ ಒಂದು ಯುದ್ಧಭೂಮಿಯ ಹೆಸರಲ್ಲ. ಜನ ಬಾಯಾರಿ ಸತ್ತ ಜಾಗದ ಹೆಸರು. ಅದನ್ನು ಅಚ್ಚು ಹಾಕಿಸಿದ್ದು ಸರ್ಕಾರ.

ಈಗ "ಅನಧಿಕೃತ"ಕ್ಕೆ ಬರೋಣ. ಈ ಪದ ಕೇಳಿದ ತಕ್ಷಣ ಬೆಂಗಳೂರಿನವರಿಗೆ ಬಡಾವಣೆ ನೆನಪಾಗುತ್ತೆ, ಬಿ ಖಾತಾ ನೆನಪಾಗುತ್ತೆ. ಪದಕಗಳಲ್ಲಿ ಅದರ ಅರ್ಥ ಸರಳ: ಸರ್ಕಾರ ಸ್ಥಾಪಿಸಿದ್ದಲ್ಲ, ಯಾರೋ ಖಾಸಗಿಯವರು ಮಾಡಿಸಿದ್ದು. ಕ್ಯಾಟಲಾಗು ಈ ಪದವನ್ನು ಬಳಸುವುದು ಬೆಲೆ ಇಳಿಸುವ ಎಚ್ಚರಿಕೆಯ ಹಾಗೆ. ಅಸಲಿ ಅಲ್ಲದ್ದು, ಎರಡನೇ ದರ್ಜೆಯದ್ದು, ಆಟಿಕೆಯಂಥದ್ದು ಅನ್ನೋ ಧ್ವನಿ ಅದರಲ್ಲಿದೆ. ನನ್ನ ತಕರಾರು ಇಲ್ಲಿಂದ ಶುರು. ಚಕ್ರವರ್ತಿ ಕೊಟ್ಟ ಪದಕ ಚಕ್ರವರ್ತಿಗೆ ಏನು ಹೇಳಬೇಕಿತ್ತು ಅನ್ನೋದನ್ನು ಹೇಳುತ್ತೆ. ಜನ ತಾವೇ ಕಾಸು ಕೊಟ್ಟು ಮಾಡಿಸಿಕೊಂಡ ಪದಕ ಜನಕ್ಕೆ ಏನು ಬೇಕಿತ್ತು ಅನ್ನೋದನ್ನು ಹೇಳುತ್ತೆ. ಎರಡನೆಯದು ಚರಿತ್ರೆಗೆ ಕಡಿಮೆ ಸಾಕ್ಷ್ಯ ಅಂತ ಯಾರು ಹೇಳಿದ್ದು?

ಖಾಸಗಿ ಪದಕಗಳು ಯುದ್ಧಕ್ಕೆ ಮುಂಚೆಯೂ ಇದ್ದವು. ನ್ಯೂರೆಂಬರ್ಗಿನ ಲಾವರ್, ಸ್ಟುಟ್‌ಗಾರ್ಟಿನ ಮೇಯರ್ ಉಂಡ್ ವಿಲ್ಹೆಲ್ಮ್ ಥರದ ಕಂಪನಿಗಳು ರಾಜನ ಹುಟ್ಟುಹಬ್ಬ, ಸೇತುವೆಯ ಉದ್ಘಾಟನೆ, ಗರಡಿ ಸಂಘದ ವಾರ್ಷಿಕೋತ್ಸವ ಎಲ್ಲಕ್ಕೂ ಪದಕ ಒತ್ತಿ ಕೊಡುತ್ತಿದ್ದವು. ಆದರೆ ಮಾಜಿ ಸೈನಿಕರ ಖಾಸಗಿ ಪದಕಗಳ ನಿಜವಾದ ಸುಗ್ಗಿ ಬಂದಿದ್ದು 1919ರ ನಂತರ, ಅಂದರೆ ವಸಾಹತುಗಳೆಲ್ಲ ಕೈತಪ್ಪಿದ ಮೇಲೆ. ಕಾರಣ ಒಂದು ಕಾನೂನು. ವೈಮಾರ್ ಗಣರಾಜ್ಯದ ಸಂವಿಧಾನದ 109ನೇ ವಿಧಿ, ಸರ್ಕಾರ ಯಾರಿಗೂ ಪದಕ, ಬಿರುದು ಕೊಡಕೂಡದು ಅಂತ ಹೇಳಿತು. ಪ್ರಜಾಪ್ರಭುತ್ವದಲ್ಲಿ ಎದೆಯ ಮೇಲೆ ದರ್ಜೆ ತೋರಿಸೋದು ಬೇಡ ಅನ್ನೋ ಒಳ್ಳೇ ಆಲೋಚನೆ. ಪರಿಣಾಮ ಮಾತ್ರ ಉಲ್ಟಾ. ಲಕ್ಷಾಂತರ ಜನ ಯುದ್ಧದಿಂದ ಸೋತು ವಾಪಸ್ ಬಂದಿದ್ದಾರೆ, ಸರ್ಕಾರ ಪದಕ ಕೊಡಲ್ಲ, ಸರಿ, ನಾವೇ ಕೊಟ್ಟುಕೊಳ್ತೀವಿ ಅಂತ ಮಾಜಿ ಸೈನಿಕರ ಸಂಘಗಳು ಮುಂದೆ ಬಂದವು. ಕಿಫ್‌ಹೊಯ್ಸರ್ ಒಕ್ಕೂಟದ ಪದಕ, ಫ್ಲಾಂಡರ್ಸ್ ಶಿಲುಬೆ, ಇನ್ನೂ ಹತ್ತಾರು. ಜತೆಗೆ ತಾವು ಹೋರಾಡಿದ ಜಾಗದ ಹೆಸರಿರುವ ಅಡ್ಡಪಟ್ಟಿಗಳನ್ನೂ ಕಾಸು ಕೊಟ್ಟು ಸಿಕ್ಕಿಸಿಕೊಳ್ಳಬಹುದಿತ್ತು. 1934ರಲ್ಲಿ ಯುದ್ಧದ ಗೌರವ ಶಿಲುಬೆ ಅಂತ ಒಂದು ಸರ್ಕಾರಿ ಪದಕ ಬಂತು. ನಾತ್ಸಿ ಸರ್ಕಾರದ ಹೊಸ ನಿಯಮಗಳು ಈ ಖಾಸಗಿ ಪದಕಗಳಿಗೆ ಬಾಗಿಲು ಹಾಕಿದವು.

ಈ ಸುಗ್ಗಿಯ ಕಾಲದ ವಸಾಹತು ಬೆಳೆಯಲ್ಲಿ ಎಲ್ಲರಿಗೂ ಗೊತ್ತಿರೋದು ಆನೆ ಬ್ಯಾಡ್ಜ್. ದುಂಡಗಿನ ಬ್ಯಾಡ್ಜು, ಒಳಗೆ ನಡೆಯುತ್ತಿರುವ ಆನೆ, ತಾಳೆಮರ, ಸುತ್ತ ದಕ್ಷಿಣ ಸಮುದ್ರ, ಆಫ್ರಿಕಾ, ಕಿಯಾವ್‌ಚೌ ಅನ್ನೋ ಹೆಸರುಗಳು. ಜನ ಇದಕ್ಕೆ ಇಟ್ಟ ಅಡ್ಡಹೆಸರು ಎಲೆಫಾಂಟೆನ್‌ಓರ್ಡೆನ್. ಡೆನ್ಮಾರ್ಕಿನ ಅತ್ಯುನ್ನತ ರಾಜಗೌರವಕ್ಕೂ ಜರ್ಮನ್ ಭಾಷೆಯಲ್ಲಿ ಅದೇ ಹೆಸರು. ಹಾಗಾಗಿ ಹೆಸರಷ್ಟೇ ಹುಡುಕಿ ಬೆಲೆ ಕಟ್ಟುವವರು ಒಂದು ಕ್ಷಣ ತಾವು ಕೋಟ್ಯಧಿಪತಿ ಅಂದುಕೊಳ್ಳಬಹುದು. ಈ ಆನೆಯ ಜಾತಕ ಮಜವಾಗಿದೆ. 1922ರಲ್ಲಿ ಇದನ್ನು ತಂದಿದ್ದು ಗಣರಾಜ್ಯದ ಪುನರ್ನಿರ್ಮಾಣ ಸಚಿವಾಲಯ. ವಸಾಹತು ಕಚೇರಿ ಮುಚ್ಚಿದ ಮೇಲೆ ಅದರ ಉಳಿಕೆ ಕೆಲಸಗಳನ್ನು ನೋಡಿಕೊಳ್ಳುತ್ತಿದ್ದ ಇಲಾಖೆ ಅದು. ಪದಕ ಕೊಡಬಾರದು ಅಂತ ಸಂವಿಧಾನ ಹೇಳುತ್ತೆ. ಇದು ಪದಕ ಅಲ್ಲವಲ್ಲ, ನೆನಪಿನ ಬ್ಯಾಡ್ಜು! ಸಾಮಾನ್ಯವಾಗಿ ರಿಬ್ಬನ್ ಇಲ್ಲದೆ ಪಿನ್ ಹಾಕಿ ಎದೆಗೆ ಚುಚ್ಚಿಕೊಳ್ಳುವಂಥದ್ದು. ಬೇರೆ ಬೇರೆಯವರು ತಯಾರಿಸಿದ್ದರಿಂದ ಅಳತೆ, ಲೋಹ, ಹಿಂಬದಿಯ ಪಿನ್ನು ಒಂದೊಂದರಲ್ಲಿ ಒಂದೊಂದು ಥರ. ಕ್ಯಾಟಲಾಗುಗಳು ಇದನ್ನು ಒಮ್ಮೆ ಅಧಿಕೃತ ಅಂತ, ಒಮ್ಮೆ ಅನಧಿಕೃತ ಅಂತ ಬರೆಯುತ್ತವೆ. ಬಿ ಖಾತಾ ಅಂತ ಬರೆದಿದ್ದರೆ ಸರಿಹೋಗುತ್ತಿತ್ತು.

ವಸಾಹತುಗಳೇ ಇಲ್ಲದ ದೇಶದಲ್ಲಿ ವಸಾಹತು ಬ್ಯಾಡ್ಜು ಯಾಕೆ ಹುಟ್ಟಿತು? ಕಳಕೊಂಡದ್ದನ್ನು ವಾಪಸ್ ಕೊಡಿ ಅನ್ನುವ ಒತ್ತಾಯ ಆಗ ಜೋರಾಗಿತ್ತು. ಜರ್ಮನ್ನರಿಗೆ ವಸಾಹತು ಆಳುವ ಯೋಗ್ಯತೆ ಇಲ್ಲ ಅಂತ ಗೆದ್ದವರು ಹೇಳಿದ್ದು ತುಂಬ ಜನಕ್ಕೆ ಅವಮಾನ ಅನ್ನಿಸಿತ್ತು. ಹಣದುಬ್ಬರದ ಕಾಲದಲ್ಲಿ ಊರೂರಲ್ಲಿ ಅಚ್ಚಾಗುತ್ತಿದ್ದ ಬದಲಿ ನೋಟುಗಳಲ್ಲೂ ಕೆಲವದರ ಮೇಲೆ ವಸಾಹತುಗಳ ಚಿತ್ರ ಇತ್ತು. ಪದಕ, ನೋಟು, ಅಂಚೆಕಾರ್ಡು ಎಲ್ಲ ಸೇರಿ ಒಂದೇ ಮಾತು ಹೇಳುತ್ತಿದ್ದವು: ಮರೆಯಬೇಡಿ, ಅದು ನಮ್ಮದು. ಮರೆಯಬಾರದ ಪಟ್ಟಿಯಲ್ಲಿ ಒಮಾಹೆಕೆಯಲ್ಲಿ ಸತ್ತವರು ಇರಲಿಲ್ಲ.

ಇಷ್ಟು ಹಿನ್ನೆಲೆ ಗೊತ್ತಿದ್ದರೆ "ಸುಮಾರು 1905" ಅನ್ನೋದನ್ನು ಮುರಿಯೋಕೆ ಒಂದು ಅದ್ಭುತ ಸುಳಿವು ಕೈಗೆ ಸಿಗುತ್ತೆ. ನನಗೆ ಈ ಇಡೀ ವಿಷಯದಲ್ಲಿ ತುಂಬ ಇಷ್ಟವಾದದ್ದು ಇದೇ. ಅನೇಕ ವಸಾಹತು ಸ್ಮರಣಿಕೆಗಳ ಮೇಲೆ ಲಾಂಛನಗಳಿರುತ್ತವೆ. ಪೂರ್ವ ಆಫ್ರಿಕಾಕ್ಕೆ ಸಿಂಹದ ತಲೆ, ಕ್ಯಾಮರೂನಿಗೆ ಆನೆಯ ತಲೆ, ಟೋಗೋಗೆ ತಾಳೆಮರ ಮತ್ತು ಹಾವು, ನೈರುತ್ಯ ಆಫ್ರಿಕಾಕ್ಕೆ ಎತ್ತಿನ ತಲೆ ಮತ್ತು ವಜ್ರ. ನೋಡಿದರೆ ಥೇಟ್ ಸರ್ಕಾರಿ ಮುದ್ರೆ. ಆದರೆ ಜರ್ಮನಿ ತನ್ನ ವಸಾಹತುಗಳಿಗೆ ಲಾಂಛನವನ್ನು ಕೊಟ್ಟೇ ಇರಲಿಲ್ಲ! ವಸಾಹತು ಕಾರ್ಯದರ್ಶಿ ವಿಲ್ಹೆಲ್ಮ್ ಸೋಲ್ಫ್ ಮುತುವರ್ಜಿಯಲ್ಲಿ ಇವುಗಳ ವಿನ್ಯಾಸ ತಯಾರಾಗಿದ್ದು 1914ರ ಹೊತ್ತಿಗೆ. ಯುದ್ಧ ಶುರುವಾಯಿತು, ಕಡತ ಹಾಗೇ ಉಳಿಯಿತು. ಆಳಿದ ಕಾಲದಲ್ಲಿ ಒಂದು ದಿನವೂ ಹಾರದ ಈ ಚಿಹ್ನೆಗಳು ಜನಪ್ರಿಯ ಆಗಿದ್ದು ವಸಾಹತು ಕಳಕೊಂಡ ಮೇಲೆ, ಇಪ್ಪತ್ತು ಮೂವತ್ತರ ದಶಕಗಳ ಹಳಹಳಿಕೆಯಲ್ಲಿ. ಹಾಗಾಗಿ ಸಿಂಹದ ತಲೆಯ ಗುರಾಣಿ ಇರುವ ಪದಕವನ್ನು ಯಾರಾದರೂ 1905ರ ಮಾಜಿ ಮಾಜಿ ಹೋರಾಟದ ಕಾಲದ್ದು ಅಂತ ತೋರಿಸಿದರೆ, ಭೂತಗನ್ನಡಿ ಹುಡುಕುವ ಶ್ರಮ ಬೇಡ. ಅದು ಆ ಕಾಲದ್ದಲ್ಲ. ಸಿಂಹ ಆಗ ಇನ್ನೂ ಹುಟ್ಟಿರಲಿಲ್ಲ.

(ಆ ಮಾಜಿ ಮಾಜಿ ಅನ್ನುವುದು ಈಗಿನ ಟಾಂಜಾನಿಯಾದಲ್ಲಿ 1905ರಿಂದ 1907ರವರೆಗೆ ಬಲವಂತದ ಹತ್ತಿ ಬೇಸಾಯ, ತೆರಿಗೆಗಳ ವಿರುದ್ಧ ಎದ್ದ ಹೋರಾಟ. ಜರ್ಮನ್ನರು ಹೊಲ, ಕಣಜಗಳನ್ನು ಸುಟ್ಟು ಬರಗಾಲ ತಂದರು. ಸತ್ತವರ ಲೆಕ್ಕ 75,000ದಿಂದ 3,00,000ದವರೆಗೆ ಹೋಗುತ್ತೆ. 1912ರ ಪದಕ ಈ ಕಾರ್ಯಾಚರಣೆಗೂ ಸಲ್ಲುತ್ತಿತ್ತು.)

ಇನ್ನು ರಿಬ್ಬನ್. ನನ್ನ ಪ್ರಕಾರ ಕ್ಯಾಟಲಾಗುಗಳು ಅತಿ ಹೆಚ್ಚು ಅನ್ಯಾಯ ಮಾಡೋದು ಇದಕ್ಕೆ. ಲೋಹದ ಬಗ್ಗೆ ಮಿಲಿಮೀಟರ್, ಗ್ರಾಂ ಲೆಕ್ಕದಲ್ಲಿ ಬರೆಯುವವರು ಬಟ್ಟೆಯ ವಿಷಯ ಬಂದಾಗ "ರಿಬ್ಬನ್ ಇದೆ" ಅಂತ ಮುಗಿಸುತ್ತಾರೆ. ಬಟ್ಟೆ ಸವೆಯುತ್ತೆ, ಬದಲಾಗುತ್ತೆ, ಅದಕ್ಕೆ ಬೆಲೆಯಿಲ್ಲ ಅನ್ನೋ ಭಾವನೆ. ಆದರೆ ಬದಲಾಗುವ ವಸ್ತುವೇ ತಾನೇ ಹೆಚ್ಚು ಬಾಯಿ ಬಿಡೋದು.

ಮೊದಲು ಬಣ್ಣ. ಕಪ್ಪು, ಬಿಳಿ, ಕೆಂಪು ಚಕ್ರಾಧಿಪತ್ಯದ ಬಣ್ಣಗಳು. ಚೀನಾ ಪದಕದ ರಿಬ್ಬನ್ ಹಳದಿ ಮೈಯದು, ಆದರೂ ಅಂಚಿನಲ್ಲಿ ಈ ಮೂರು ಬಣ್ಣದ ಎಳೆಗಳಿವೆ. 1914ಕ್ಕೆ ಮುಂಚೆ ಈ ಮೂರು ಬಣ್ಣ ಹಾಕಿಕೊಳ್ಳುವುದು ತೀರಾ ಸಹಜ, ನಮ್ಮಲ್ಲಿ ಆಗಸ್ಟ್ 15ಕ್ಕೆ ಶರಟಿನ ಮೇಲೆ ತ್ರಿವರ್ಣ ಸಿಕ್ಕಿಸಿಕೊಂಡ ಹಾಗೆ. 1919ರಲ್ಲಿ ಗಣರಾಜ್ಯ ಬಾವುಟ ಬದಲಾಯಿಸಿತು: ಕಪ್ಪು, ಕೆಂಪು, ಬಂಗಾರ. ಅಲ್ಲಿಂದ ಹಳೇ ಮೂರು ಬಣ್ಣಗಳ ಅರ್ಥವೇ ಬೇರೆ ಆಯಿತು. ರಾಜಪ್ರಭುತ್ವವಾದಿಗಳು, ಬಲಪಂಥದವರು ಗಣರಾಜ್ಯ ನಮ್ಮದಲ್ಲ ಅಂತ ಹೇಳೋಕೆ ಅದನ್ನು ಹಿಡಿದರು. ಈ ಬಾವುಟದ ಜಗಳ ಎಷ್ಟು ದೊಡ್ಡದು ಅಂದರೆ, 1926ರಲ್ಲಿ ವಿದೇಶದ ಜರ್ಮನ್ ಕಚೇರಿಗಳ ಮೇಲೆ ಹಳೇ ಬಣ್ಣದ ವ್ಯಾಪಾರಿ ಬಾವುಟವನ್ನೂ ಹಾರಿಸಬಹುದು ಅಂತ ಆದೇಶ ಬಂದಾಗ ಚಾನ್ಸಲರ್ ಹಾನ್ಸ್ ಲೂಥರ್ ಕುರ್ಚಿ ಕಳಕೊಂಡ. 1933ರಲ್ಲಿ ಹಿಟ್ಲರ್ ಬಂದ ತಕ್ಷಣ ಮಾಡಿದ ಕೆಲಸಗಳಲ್ಲಿ ಒಂದು ಆ ಮೂರು ಬಣ್ಣವನ್ನು ಸ್ವಸ್ತಿಕದ ಪಕ್ಕ ವಾಪಸ್ ತಂದಿದ್ದು. ಹೀಗಿರುವಾಗ ಇಪ್ಪತ್ತರ ದಶಕದ ಪದಕಕ್ಕೆ ಕಪ್ಪು-ಬಿಳಿ-ಕೆಂಪು ರಿಬ್ಬನ್ ಇದ್ದರೆ, ಅದನ್ನು "ರಾಷ್ಟ್ರೀಯ ಬಣ್ಣದ ರಿಬ್ಬನ್" ಅಂತ ಬರೆಯುವುದು ತಪ್ಪು. ಅದು ಆಗಿನ ರಾಷ್ಟ್ರದ ಬಣ್ಣ ಅಲ್ಲ. ಅದು ಆಗಿನ ರಾಷ್ಟ್ರದ ಜತೆಗಿನ ಜಗಳದ ಬಣ್ಣ.

ಆಮೇಲೆ ಬಟ್ಟೆ. ಹಳೇ ರಿಬ್ಬನ್ನು ಹತ್ತಿ ಅಥವಾ ರೇಷ್ಮೆ, ಆಮೇಲಿನ ಕಾಲದ್ದಾದರೆ ಆರ್ಟ್ ಸಿಲ್ಕ್. ಪಾಲಿಯೆಸ್ಟರ್ ಇದ್ದರೆ ಅದು ಎರಡನೇ ಮಹಾಯುದ್ಧದ ಈಚಿನದು, ಮಾತು ಮುಗೀತು. ಪರೀಕ್ಷೆ ನಮಗೆ ಹೊಸದಲ್ಲ. ಸೀರೆ ಅಂಗಡಿಯಲ್ಲಿ ಒಂದು ಎಳೆ ಕಿತ್ತು ಸುಟ್ಟು ತೋರಿಸ್ತಾರಲ್ಲ, ಅದೇ. ಕೂದಲು ಸುಟ್ಟ ವಾಸನೆ ಬಂದರೆ ರೇಷ್ಮೆ, ಕಾಗದ ಸುಟ್ಟ ವಾಸನೆ ಬಂದು ಬೂದಿಯಾದರೆ ಹತ್ತಿ, ಕರಗಿ ಗಟ್ಟಿ ಮಣಿಯಾದರೆ ಸಿಂಥೆಟಿಕ್. ಅಂಚಿನಲ್ಲಿ ತಾನಾಗಿ ಬಿಟ್ಟುಕೊಂಡ ಎಳೆ ಇದ್ದರೆ ಮಾತ್ರ ಇದನ್ನು ಮಾಡಿ, ಅದೂ ಪದಕ ನಿಮ್ಮದಾಗಿದ್ದರೆ.

ಸುಡೋದು ಬೇಡ ಅನ್ನೋರು ಯೂವಿ ಟಾರ್ಚ್ ಹಿಡೀತಾರೆ, ನೋಟು ನೋಡೋಕೆ ಬಳಸುವಂಥದ್ದು. ಬಿಳಿ ಪಟ್ಟಿ ನೀಲಿಯಾಗಿ ಫಳಫಳ ಹೊಳೆದರೆ ಅದರಲ್ಲಿ ಬಟ್ಟೆ ಬೆಳ್ಳಗೆ ಕಾಣಿಸುವ ರಾಸಾಯನಿಕ ಇದೆ ಅಂತ, ಅದು ವ್ಯಾಪಕವಾಗಿ ಬಳಕೆಗೆ ಬಂದಿದ್ದು ಎರಡನೇ ಮಹಾಯುದ್ಧದ ನಂತರ. ಇದನ್ನು ಅಂತಿಮ ತೀರ್ಪು ಅಂತ ಹೇಳುವವರನ್ನು ನಂಬಬೇಡಿ. ಈಗಿನ ಡಿಟರ್ಜೆಂಟಿನಲ್ಲೂ ಅದೇ ರಾಸಾಯನಿಕ ಇರುತ್ತೆ. ಯಾವನೋ ಮೊಮ್ಮಗ ಅಜ್ಜನ ರಿಬ್ಬನ್ನನ್ನು ಪ್ರೀತಿಯಿಂದ ಒಗೆದಿಟ್ಟಿದ್ದರೆ ಅಸಲಿಯೂ ಹೊಳೆಯುತ್ತೆ. ಹೊಳೆಯದಿದ್ದ ಮಾತ್ರಕ್ಕೆ ಹಳೆಯದು ಅಂತಲೂ ಅಲ್ಲ, ಟೀ ನೀರಿನಲ್ಲಿ ನೆನೆಸಿ ಹಳೆಯದು ಮಾಡುವವರಿದ್ದಾರೆ.

ಟಾರ್ಚಿಗಿಂತ ನನಗೆ ಮಡಿಕೆಯ ಮೇಲೆ ನಂಬಿಕೆ. ರಿಬ್ಬನ್ನನ್ನು ಉಂಗುರದೊಳಗೆ ತೂರಿಸಿ ಮಡಿಸಿ ಹೊಲಿದಿರುತ್ತಾರೆ. ಎಷ್ಟೋ ವರ್ಷ ಹಾಗೇ ಇದ್ದರೆ ಹೊರಮೈ ಬೆಳಕಿಗೆ ಮಾಸುತ್ತೆ, ಮಡಿಕೆಯೊಳಗಿನ ಬಣ್ಣ ಗಾಢವಾಗಿ ಉಳಿಯುತ್ತೆ. ಉಂಗುರ ಉಜ್ಜಿದ ಜಾಗದಲ್ಲಿ ಲೋಹದ ಗುರುತು ಕೂತಿರುತ್ತೆ, ತಾಮ್ರ ಇದ್ದರೆ ಹಸಿರು, ಉಕ್ಕಾದರೆ ತುಕ್ಕು. ಒಳಗೂ ಹೊರಗೂ ಒಂದೇ ಸಮ ಮಾಸಿದ್ದರೆ ಅದನ್ನು ಯಾರೋ ಮಾಸಿಸಿದ್ದು. ಉಕ್ಕಿನ ಪದಕದ ರಿಬ್ಬನ್ನಿನಲ್ಲಿ ತುಕ್ಕಿನ ಸುಳಿವೇ ಇಲ್ಲದೆ ಹಸಿರು ಗುರುತು ಇದ್ದರೆ, ಆ ರಿಬ್ಬನ್ನಿಗೆ ಇದು ಎರಡನೇ ಸಂಬಂಧ. ಇಂಥ ಮದುವೆಗಳು ಬೇಕಾದಷ್ಟು ನಡೆಯುತ್ತವೆ. ರಿಬ್ಬನ್ ಇಲ್ಲದ ಪದಕ ಬಂದಾಗ ಕೈಗೆ ಸಿಕ್ಕಿದ ಕಬ್ಬಿಣದ ಶಿಲುಬೆಯ ಕಪ್ಪು-ಬಿಳಿ ರಿಬ್ಬನ್ ಸಿಕ್ಕಿಸಿ ಕಳಿಸೋದು ಹಳೇ ಅಭ್ಯಾಸ. ಆ ಮದುವೆಗೂ "ಮೂಲ ರಿಬ್ಬನ್ ಸಮೇತ" ಅನ್ನೋ ಲಗ್ನಪತ್ರಿಕೆ!

ಲೋಹದ ಬಗ್ಗೆ ಎರಡು ಮಾತು ಸಾಕು, ಕ್ಯಾಟಲಾಗುಗಳು ಈ ವಿಷಯದಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತವೆ. ಅಚ್ಚಿನಿಂದ ಒತ್ತಿದ ಪದಕದಲ್ಲಿ ಅಕ್ಷರದ ಅಂಚು ಚೂಪಾಗಿರುತ್ತೆ, ಖಾಲಿ ಮೈ ನಯವಾಗಿರುತ್ತೆ. ಅಸಲಿನಿಂದ ಅಚ್ಚು ತೆಗೆದು ಎರಕ ಹೊಯ್ದ ನಕಲಿನಲ್ಲಿ ಸಣ್ಣ ಸಣ್ಣ ಗುಳಿಗಳು, ಮೊಂಡಾದ ಅಕ್ಷರಗಳು, ಅಂಚಿನಲ್ಲಿ ಉಜ್ಜಿದ ಗೆರೆ, ಅಳತೆಯಲ್ಲಿ ಕೂದಲೆಳೆಯಷ್ಟು ಕಮ್ಮಿ.

ಇಷ್ಟೆಲ್ಲ ಹೇಳಿದ ಮೇಲೆ ಕ್ಯಾಟಲಾಗು ಬರೆಯುವವರ ಪರವಾಗಿಯೂ ಮಾತಾಡಬೇಕು. ಅವರ ಶಿಸ್ತು ನನಗೆ ಇಷ್ಟ. ಕಂಡದ್ದನ್ನು ಅಳೆದು ಬರೆಯ್ತಾರೆ, ಭಾವುಕರಾಗಲ್ಲ. ಚರಿತ್ರೆಯ ಪಾಠ ಮಾಡೋದು ನಮ್ಮ ಕೆಲಸ ಅಲ್ಲ, ವಸ್ತುವನ್ನು ಗುರುತಿಸೋದಷ್ಟೇ ಅಂತ ಅವರು ಹೇಳಬಹುದು. ಒಪ್ಪಿದೆ. ಆದರೆ ಗುರುತಿಸೋದು ಅಂದರೇನು? ಸಿಂಹದ ಲಾಂಛನ 1914ರ ಈಚಿನದು ಅಂತ ಗೊತ್ತಿಲ್ಲದೆ ಕಾಲ ಹೇಳೋಕೆ ಆಗಲ್ಲ. ಬಾವುಟದ ಜಗಳ ಗೊತ್ತಿಲ್ಲದೆ ರಿಬ್ಬನ್ ಓದೋಕೆ ಆಗಲ್ಲ. 109ನೇ ವಿಧಿ ಗೊತ್ತಿಲ್ಲದೆ "ಅನಧಿಕೃತ"ಕ್ಕೆ ಅರ್ಥವೇ ಇಲ್ಲ. ರಾಜಕೀಯ ಬಿಟ್ಟು ಬರೀ ವಸ್ತುವನ್ನು ನೋಡ್ತೀವಿ ಅಂತ ಹೊರಟವರು ವಸ್ತುವನ್ನೇ ತಪ್ಪಾಗಿ ಗುರುತಿಸುತ್ತಿದ್ದಾರೆ. ನನ್ನ ದೂರು ಇಷ್ಟೇ. ನೀತಿಯ ಮಾತು ಆಮೇಲೆ. ಮೊದಲು ಇದು ಕಸುಬಿನ ಲೋಪ.

ನಾನಾದರೆ ಆ ಎರಡು ಸಾಲನ್ನು ಹೀಗೆ ಬರೆಯುತ್ತೇನೆ: ಖಾಸಗಿ ತಯಾರಿಕೆ. ಲಾಂಛನದ ಆಧಾರದಲ್ಲಿ 1919ರ ನಂತರದ್ದು, ಜರ್ಮನಿಯ ಬಳಿ ವಸಾಹತುಗಳಿಲ್ಲದ ಕಾಲದ್ದು. ರಿಬ್ಬನ್ ಹಳೇ ಚಕ್ರಾಧಿಪತ್ಯದ ಬಣ್ಣದ್ದು, ಹತ್ತಿ, ಉಂಗುರದ ಗುರುತು ಪದಕದ ಲೋಹಕ್ಕೆ ಹೊಂದುತ್ತದೆ. ವಸಾಹತು ಮರಳಿ ಬೇಕು ಅನ್ನುವ ಪ್ರಚಾರದ ಕಾಲದ ವಸ್ತು. ನೆನಪಿಸಿಕೊಳ್ಳುತ್ತಿರುವ ಯುದ್ಧ: ಪೂರ್ವ ಆಫ್ರಿಕಾ, 1905–07. ನಾಲ್ಕು ಪದ ಜಾಸ್ತಿ ಆಯಿತು, ನಿಜ. ಬೆಲೆ ಇಳಿಯುತ್ತಾ? ನನಗೇನೋ ಏರಬೇಕು ಅನ್ನಿಸುತ್ತೆ.

ಇದೆಲ್ಲ ಬೆಂಗಳೂರಿಗೆ ಏನು ಸಂಬಂಧ ಅಂತ ಕೇಳುವವರಿಗೆ ಒಂದು ಸಣ್ಣ ಎಳೆ ಇದೆ. ಜರ್ಮನ್ ವಸಾಹತು ಸೈನಿಕರ ನೆನಪಿನಲ್ಲಿ ಅತಿ ಹೆಮ್ಮೆಯ ಹೆಸರುಗಳಲ್ಲಿ ಒಂದು ಟಾಂಗಾ. ಪೂರ್ವ ಆಫ್ರಿಕಾದ ಈ ಬಂದರಿನಲ್ಲಿ 1914ರ ನವೆಂಬರಿನಲ್ಲಿ ಪೌಲ್ ಫಾನ್ ಲೆಟ್ಟೋ-ಫೋರ್ಬೆಕ್‌ನ ಸುಮಾರು 1,000 ಜನರ ಪಡೆ, ಸಮುದ್ರದಿಂದ ಇಳಿದ ಸುಮಾರು 8,000 ಜನರ ಪಡೆಯನ್ನು ವಾಪಸ್ ಹಡಗು ಹತ್ತಿಸಿತು. ಹಾಗೆ ಸೋತು ಹಡಗು ಹತ್ತಿದವರಲ್ಲಿ ಹೆಚ್ಚಿನವರು ಭಾರತೀಯರು, ಅದರಲ್ಲಿ ಒಂದು ದಳದ ಹೆಸರೇ 27ನೇ ಬೆಂಗಳೂರು ಬ್ರಿಗೇಡ್. ಲೆಟ್ಟೋ-ಫೋರ್ಬೆಕ್‌ನ ಪಡೆಯಲ್ಲೂ ಬಹುಪಾಲು ಆಫ್ರಿಕನ್ ಅಸ್ಕಾರಿಗಳು. ಅಂದರೆ ಬರ್ಲಿನ್ನಿನ ಹೆಮ್ಮೆಗಾಗಿ, ಲಂಡನ್ನಿನ ಹೆಮ್ಮೆಗಾಗಿ ಅಲ್ಲಿ ಸತ್ತವರಲ್ಲಿ ಹೆಚ್ಚಿನವರು ಬರ್ಲಿನ್ನನ್ನೂ ನೋಡಿರಲಿಲ್ಲ, ಲಂಡನ್ನನ್ನೂ ನೋಡಿರಲಿಲ್ಲ. ಜರ್ಮನ್ ಪದ್ಧತಿಯಲ್ಲಿ ಆಫ್ರಿಕನ್ ಸೈನಿಕರಿಗೆ ಕೊಡೋಕೆ ಅಂತ ಪದಕವೂ ಬೇರೆಯೇ ಇತ್ತು.

ಆನೆಯ ಕಥೆ ಬ್ಯಾಡ್ಜಿಗೆ ನಿಲ್ಲಲಿಲ್ಲ. ಬ್ರೇಮನ್ ನಗರದಲ್ಲಿ ಶಿಲ್ಪಿ ಫ್ರಿಟ್ಸ್ ಬೇನ್ ವಿನ್ಯಾಸ ಮಾಡಿದ, ಸುಮಾರು ಹತ್ತು ಮೀಟರ್ ಎತ್ತರದ ಇಟ್ಟಿಗೆಯ ಆನೆಯೊಂದಿದೆ. 1932ರಲ್ಲಿ ಉದ್ಘಾಟನೆ ಆದಾಗ ಅದು ವಸಾಹತುಗಳಲ್ಲಿ ಸತ್ತ ಜರ್ಮನ್ ಸೈನಿಕರ ಸ್ಮಾರಕ. 1990ರ ಹೊತ್ತಿಗೆ, ನಮೀಬಿಯಾ ಸ್ವತಂತ್ರವಾದಾಗ, ಊರಿನವರು ಅದನ್ನು ಕೆಡವದೆ ವಸಾಹತುಶಾಹಿ ವಿರೋಧಿ ಸ್ಮಾರಕ ಅಂತ ಮರುನಾಮಕರಣ ಮಾಡಿದರು. 2009ರಲ್ಲಿ ಪಕ್ಕದಲ್ಲೇ ನರಮೇಧದಲ್ಲಿ ಸತ್ತವರಿಗಾಗಿ ಇನ್ನೊಂದು ಸ್ಮಾರಕ ಬಂತು. ಕೆತ್ತನೆ ಇಲ್ಲ, ವಿಗ್ರಹ ಇಲ್ಲ, ಕಲ್ಲುಗಳು. ಒಮಾಹೆಕೆಯಿಂದ ತಂದ ಕಲ್ಲುಗಳು. 1907ರಲ್ಲಿ ಗೆಲುವಿನ ಪಟ್ಟಿಯಾಗಿ ಎದೆಯ ಮೇಲೆ ಕೂತ ಹೆಸರು ನೂರೆರಡು ವರ್ಷದ ನಂತರ ಹೀಗೆ ನೆಲದ ಮೇಲೆ ಬಂದು ಕೂತಿದೆ.

ಅನಧಿಕೃತ ಪದಕಗಳ ಬಗ್ಗೆ ಬರೆಯುವ ಯಾವ ಕ್ಯಾಟಲಾಗಿನಲ್ಲೂ ನಾನು ನೋಡದ ಇನ್ನೊಂದು ಗುಂಪಿದೆ. ಹೆರೆರೊಗಳ ನಾಯಕ ಸ್ಯಾಮ್ಯುಯೆಲ್ ಮಹಾರೆರೊ ಒಮಾಹೆಕೆ ದಾಟಿ ಈಗಿನ ಬೋಟ್ಸ್‌ವಾನಾ ಸೇರಿ, ಅಲ್ಲೇ 1923ರಲ್ಲಿ ತೀರಿಕೊಂಡ. ಆತನ ಶವವನ್ನು ಊರಿಗೆ ತಂದು ಆಗಸ್ಟ್ 26ರಂದು ಒಕಹಾಂಜದಲ್ಲಿ ಹಿರಿಯರ ಸಮಾಧಿಯ ಬಳಿ ಮಣ್ಣು ಮಾಡಿದರು. ಜರ್ಮನಿಯಲ್ಲಿ ಆನೆ ಬ್ಯಾಡ್ಜ್ ಬಂದು ಆಗಿನ್ನೂ ಒಂದು ವರ್ಷ. ಆ ಮೆರವಣಿಗೆಯಲ್ಲಿ ಹೆರೆರೊ ಗಂಡಸರು ಜರ್ಮನ್ ಸೈನ್ಯದ ಸಮವಸ್ತ್ರದ ಮಾದರಿಯ ಬಟ್ಟೆ ತೊಟ್ಟು, ಸಾಲಾಗಿ, ಕವಾಯತು ಮಾಡುತ್ತಾ ನಡೆದರು. ತಮ್ಮನ್ನು ಕೊಂದವರ ಅಂಗಿ ಯಾಕೆ ಅಂತ ಹೊರಗಿನವರು ಇವತ್ತಿಗೂ ಕೇಳುತ್ತಾರೆ. ಶತ್ರುವಿನ ಬಟ್ಟೆ ತೊಟ್ಟರೆ ಶತ್ರುವಿನ ಬಲ ತಮಗೆ ಬರುತ್ತೆ ಅನ್ನೋದು ಒಂದು ವಿವರಣೆ. ಚೆಲ್ಲಾಪಿಲ್ಲಿಯಾದ ಜನ ಮತ್ತೆ ಒಂದಾಗೋಕೆ ಕಂಡುಕೊಂಡ ಸಂಘಟನೆ ಅನ್ನೋದು ಇನ್ನೊಂದು.

ಆ ಪದ್ಧತಿ ಈಗಲೂ ನಡೆಯುತ್ತಿದೆ. ಪ್ರತಿವರ್ಷ ಆಗಸ್ಟ್ ಕೊನೆಯ ಹೊತ್ತಿಗೆ ಒಕಹಾಂಜದಲ್ಲಿ ಜನ ಸೇರುತ್ತಾರೆ. ಗಂಡಸರ ಹೆಗಲ ಮೇಲೆ ದರ್ಜೆಯ ಪಟ್ಟಿ, ಎದೆಯ ಮೇಲೆ ಬ್ಯಾಡ್ಜು, ಕೆಲವು ಕೊಂಡದ್ದು, ಕೆಲವು ಮನೆಯಲ್ಲೇ ಹೊಲಿದದ್ದು. ಯಾವ ಸರ್ಕಾರವೂ ಅವನ್ನು ಕೊಟ್ಟಿದ್ದಲ್ಲ. ಬಣ್ಣಕ್ಕೂ ಅಲ್ಲಿ ಲೆಕ್ಕ ಇದೆ: ಮಹಾರೆರೊ ಮನೆತನದ ಕಡೆಯವರದು ಕೆಂಪು, ಎಂಬಾಂಡೆರುಗಳದು ಹಸಿರು, ಒಮಾರೂರು ಕಡೆಯವರದು ಬಿಳಿ.